ದಕ್ಷಿಣದ ಕಡೆಯ ಒಬ್ಬ ಯಜಮಾನರು

ತ್ರುಹಿಯೊ
ಜನವರಿ 16, 1994

ಪ್ರೀತಿಯ ಅಪ್ಪನಿಗೆ,

ಕಾರು ಸುರಕ್ಷಿತವಾಗಿ ಬಂದು ಸೇರಿತು. ಅದನ್ನು ತಂದುಕೊಟ್ಟ ನಿಮ್ಮ ಗೆಳೆಯ ದೊನ್ ವಿಲ್ಮರ್ ಇಳಿದವರೇ ಬಾನೆಟ್ ಮೇಲೆ ಕೈ ತಟ್ಟಿ, "ಮೇಷ್ಟ್ರ ಕಾರು ಮೇಷ್ಟ್ರ ಥರಾನೇ ಕಣಮ್ಮ. ವಯಸ್ಸಾಗಿದೆ, ಆದ್ರೆ ಬಾಯಿ ಮುಚ್ಚಲ್ಲ" ಎಂದರು. ಊಟಕ್ಕೆ ನಿಲ್ಲಿ ಎಂದರೂ ಕೇಳದೆ ಚಿಂಬೋತೆಯ ಮುಂದಿನ ಬಸ್ಸು ಹಿಡಿದು ಹೊರಟುಬಿಟ್ಟರು.

ಸರ್ಕಾರ ನಮ್ಮನ್ನೆಲ್ಲ ಕಚೇರಿಯಿಂದ ತೆಗೆದ ಮೇಲೆ, ನಿಮ್ಮ ಅಳಿಯ ತಿತೋನ ಸಕ್ಕರೆ ಕಾರ್ಖಾನೆ ಸಂಬಳದ ಬದಲು ಸಕ್ಕರೆ ಚೀಲ ಕೊಟ್ಟು ಕಳಿಸಲು ಶುರುಮಾಡಿದ ಮೇಲೆ, ಈ ಮನೆಗೆ ಬಂದ ಮೊದಲ ಒಳ್ಳೆಯ ಸುದ್ದಿ ನಿಮ್ಮ ಕಾರು. ಸೋಮವಾರದಿಂದಲೇ ಕೆಲಸ ಶುರುವಾಗಿದೆ. ಸನ್ಯಾಸಿನಿಯರ ಶಾಲೆಯ ಏಳು ಹುಡುಗಿಯರನ್ನು ಜನವರಿಯಿಂದ ಮಾರ್ಚಿನವರೆಗಿನ ಬೇಸಿಗೆ ರಜೆಯ ಈಜು ತರಗತಿಗೆ ಕರೆದೊಯ್ದು ಮನೆಗೆ ಬಿಡುವುದು. ಇದು ಹುಡುಗಿಯರ ತಾಯಂದಿರು ನನ್ನನ್ನು ಪರೀಕ್ಷಿಸಿ ನೋಡುವ ಕಾಲ. ಒಪ್ಪಿಗೆಯಾದರೆ ಏಪ್ರಿಲ್‌ನಲ್ಲಿ ಶಾಲೆ ತೆರೆದಾಗಿನಿಂದ ಡಿಸೆಂಬರಿನವರೆಗೆ ಆ ಏಳೂ ಮಕ್ಕಳು ನನ್ನವರು. ಅಷ್ಟಾದರೆ ನಮ್ಮ ಮನೆ ನಡೆಯುತ್ತದೆ. ತಿತೋ ಕೂಡ ಈಗ ಸ್ವಲ್ಪ ನಗುತ್ತಾನೆ.

ಒಂದು ಸಣ್ಣ ಮಾತು. ಬೇಜಾರು ಮಾಡಿಕೊಳ್ಳಬೇಡಿ. ಕಾರಿನೊಳಗೆ ಏನೋ ವಾಸನೆ ಇದೆ. ಬೆಳಿಗ್ಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮಧ್ಯಾಹ್ನ, ಬಿಸಿಲಲ್ಲಿ ನಿಂತ ಕಾರಿಗೆ ಹುಡುಗಿಯರು ಒದ್ದೆ ಕೂದಲಿನಲ್ಲಿ ಹತ್ತಿ ಕೂತ ಕೂಡಲೇ ಎದ್ದುಬರುತ್ತದೆ. ಶುಕ್ರವಾರ ಅವರೊಳಗೆ ದೊಡ್ಡ ಜಗಳ. "ಆಂಟಿ, ಇವಳೇ ಹೂಸು ಬಿಟ್ಟಿದ್ದು!" "ನಾನಲ್ಲ ಆಂಟಿ, ಅವ್ಳು! ಬೆಳಿಗ್ಗೆ ಬೀನ್ಸ್ ತಿಂದಿದಾಳೆ!" ಕೊನೆಗೆ ಎಲ್ಲರೂ ಸೇರಿ ಕಾರ್ಲಾ ಎಂಬ ದಪ್ಪ ಹುಡುಗಿಯ ಮೇಲೆ ಹಾಕಿದರು. ಅವಳು ಅತ್ತಳು. ಅವಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ರಸ್ತೆ ನೋಡುತ್ತ ಕಾರು ಓಡಿಸಿದೆ.

ಸೀಟಿನ ಕೆಳಗೆ ಇಲಿ ಏನಾದರೂ ಸತ್ತಿತ್ತೇ? ಮೀನು ಕೊಂಡ ಗಿರಾಕಿಗಳನ್ನು ಹತ್ತಿಸಿಕೊಂಡಿದ್ದಿರಾ? ನೆನಪಾದರೆ ಬರೆಯಿರಿ.

ನಿಮ್ಮ
ಹಿಲ್ಡಾ


ಚಿಂಬೋತೆ
ಜನವರಿ 21, 1994

ಮಗಳೇ,

ನನ್ನ ಕಾರಿನಲ್ಲಿ ಇಲಿಯೂ ಇಲ್ಲ, ವಾಸನೆಯೂ ಇಲ್ಲ. ಕಳಿಸುವ ಮುಂಚೆ ಸೋಪುಪುಡಿ ಹಾಕಿ ನಾನೇ ಉಜ್ಜಿ ತೊಳೆದಿದ್ದೇನೆ. ಹಿಂದಿನ ಸೀಟು ಕುಸಿದು ಸ್ಪ್ರಿಂಗು ಚುಚ್ಚುತ್ತಿತ್ತು, ಪರರ ಮಕ್ಕಳು ಕೂರುವ ಜಾಗವೆಂದು ಅದನ್ನು ಬಿಚ್ಚಿ ಒಳಗಿಂದ ಗಟ್ಟಿಯಾಗಿ ಹೊಲಿದಿದ್ದೇನೆ. ಬಲೆ ಹೊಲಿಯುವ ದಾರದಲ್ಲಿ. ಅಷ್ಟು ಮಾಡಿದವನು ವಾಸನೆ ಬಿಟ್ಟು ಕಳಿಸುತ್ತೇನೆಯೆ?

ಆದರೂ ನಿನ್ನ ಪತ್ರ ಬಂದ ಮೇಲೆ ಪಕ್ಕದ ಮನೆಯ ದೊನ್ಯಾ ಫಿದೆಲಿಯಾಳನ್ನು ಕೇಳಿದೆ. ಕಾರು ಹೊರಡುವ ಹಿಂದಿನ ದಿನ ಅವಳು ಮಾರುಕಟ್ಟೆಯಿಂದ ಅದರಲ್ಲೇ ಬಂದಿದ್ದಳು. "ಅಯ್ಯೋ ಮೇಷ್ಟ್ರೇ, ಎಂಥ ವಾಸ್ನೇನೂ ಇರ್ಲಿಲ್ಲ. ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ನಂದು ನಾಯಿ ಮೂಗು!" ಎಂದಳು. ಅವಳ ಗಂಡನೂ ಇಲ್ಲ ಎಂದ, ವಿಲ್ಮರನೂ ಇಲ್ಲ ಎಂದ. ಮೂವರು ಸಾಕ್ಷಿಗಳು ಒಂದು ಕಡೆ, ನಿನ್ನ ಊರಿನ ಏಳು ಪುಟ್ಟ ದೊರೆಸಾನಿಗಳು ಒಂದು ಕಡೆ.

ತ್ರುಹಿಯೊದವರ ಮೂಗು ನನಗೆ ಹೊಸದಲ್ಲ. ವೈಸರಾಯಿಯ ಕಾಲದಲ್ಲಿ ಯಾರದೋ ಮನೆಯ ಬಾಲ್ಕನಿ ಎಷ್ಟು ಅಗಲ ಇತ್ತು ಎಂದು ಇಂದಿಗೂ ಅಳೆದು ಹೇಳುವ ಜನ. ಕಾಲರಾ ಬಂದ ವರ್ಷ ನಮ್ಮ ಊರಿನ ನಂಬರಿನ ಲಾರಿಗಳನ್ನು ದಾರಿಯಲ್ಲಿ ತಡೆದು ನಿಲ್ಲಿಸಿದ್ದನ್ನು ನಾನು ಮರೆತಿಲ್ಲ. ಆದರೆ ನಮ್ಮ ಅಂಚೋವೆತಾ ಮೀನು ಬೇಯಿಸಿ ಒಣಗಿಸಿ ಹಿಟ್ಟು ಮಾಡಿ ತಿನ್ನಿಸಿದ ಕೋಳಿಯನ್ನು ಮಾತ್ರ ಭಾನುವಾರ ಚಪ್ಪರಿಸುತ್ತಾರೆ.

ವಾಸನೆಯ ವಿಷಯ ಇವರೆಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತು. ಆ ಮೀನುಹಿಟ್ಟಿನ ಕಾರ್ಖಾನೆಯ ಚಿಮಣಿಗಳ ಹೊಗೆಯ ವಿರುದ್ಧ ಮೊದಲ ಅರ್ಜಿ ಬರೆದಾಗ ನೀನಿನ್ನೂ ಹುಟ್ಟಿರಲಿಲ್ಲ. ಮ್ಯಾನೇಜರು ನನ್ನನ್ನು ಕರೆಸಿ, "ಇದು ದುಡ್ಡಿನ ವಾಸನೆ ಮೇಷ್ಟ್ರೇ, ನೀವು ಪುಸ್ತಕದೋರು, ನಿಮ್ಗೆ ಗೊತ್ತಾಗಲ್ಲ" ಎಂದಿದ್ದ. ಸಮುದ್ರ ಬಿಸಿಯಾಗಿ ಮೀನು ಓಡಿಹೋದ ವರ್ಷ ಹೊಗೆ ನಿಂತಿತು, ಆಕಾಶ ತಿಳಿಯಾಯಿತು. ಊರಿನವರು ಅದನ್ನು ನೋಡಿ ಅತ್ತರು. ಅದೂ ನೆನಪಿದೆ. ಮತ್ತೆ ಹೊಗೆ ಎದ್ದ ದಿನ ಚರ್ಚಿನ ಗಂಟೆ ಬಾರಿಸಿದರು. ನಾನು ಮರುದಿನವೇ ಎರಡನೆಯ ಅರ್ಜಿ ಬರೆದೆ.

ನಿನ್ನ ಸಮಾಧಾನಕ್ಕೆ: ಒಳಗೆಲ್ಲ ವಿನಿಗರ್ ಒರೆಸು. ಅಡುಗೆ ಸೋಡಾ ಚೆಲ್ಲಿ ಒಂದು ರಾತ್ರಿ ಬಿಟ್ಟು ಗುಡಿಸು. ಒಂದು ತಟ್ಟೆಯಲ್ಲಿ ಇದ್ದಿಲು, ಒಂದರಲ್ಲಿ ಕಾಫಿಪುಡಿ ಇಡು. ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸು. ಆ ಮಕ್ಕಳಿಗೆ ಬೀನ್ಸ್ ಕಡಿಮೆ ಮಾಡಲು ಹೇಳು.

ನಿನ್ನ ಅಪ್ಪ
ಎಲಿಯೋದೊರೊ


ತ್ರುಹಿಯೊ
ಫೆಬ್ರವರಿ 2, 1994

ಅಪ್ಪ,

ನೀವು ಹೇಳಿದ್ದೆಲ್ಲ ಮಾಡಿದೆ. ವಿನಿಗರ್ ಒರೆಸಿದ ಮೇಲೆ ಮೂರು ದಿನ ಕಾರು ಉಪ್ಪಿನಕಾಯಿ ಭರಣಿಯಂತೆ ಇತ್ತು. ಅದು ಆರಿದ ಮೇಲೆ ಕೆಳಗಿನದು ಮತ್ತೆ ಬಂತು. ಕಾಫಿಪುಡಿ ಇಟ್ಟೆ. ಅಂಚೋವೆತಾ ಕದಡಿದ ಕಾಫಿಯ ವಾಸನೆ ಬಂತು. ನೆಲದ ಹಾಸು ಕಿತ್ತು ತೊಳೆದೆ. ಪಕ್ಕದ ಮನೆಯ ಹೆಂಗಸು ನೀಲಗಿರಿ ಸೊಪ್ಪು ತಂದುಕೊಟ್ಟಳು. ತಿತೋ ಒಂದು ಈರುಳ್ಳಿ ಕತ್ತರಿಸಿ ಒಳಗಿಟ್ಟ. "ಇನ್ನೇನ್ ಬಾಕಿ? ನಿಂಬೆಹಣ್ಣು ಹಿಂಡಿ ಮೆಣಸಿನಕಾಯಿ ಹಾಕಿದ್ರೆ ಹಸಿ ಮೀನಿನ ಸೆವಿಚೆ ರೆಡಿ" ಎಂದ. ನನಗೆ ನಗು ಬರಲಿಲ್ಲ. ಅವನ ಮೇಲೆ ಈರುಳ್ಳಿ ಎಸೆದೆ.

ಮರಿನೇರಾ ನೃತ್ಯದ ಹಬ್ಬದ ವಾರ ನಿಮಗೆ ಗೊತ್ತಲ್ಲ, ಊರೆಲ್ಲ ಕುಣಿತ. ಶನಿವಾರ ಸೆನ್ಯೋರಾ ಎಲ್ವಿರಾ ತಮ್ಮನ್ನೂ ಇನ್ನಿಬ್ಬರು ತಾಯಂದಿರನ್ನೂ ಕ್ರೀಡಾಂಗಣದವರೆಗೆ ಬಿಡಲು ಕೇಳಿದರು. ಏಳು ಮನೆಗಳಲ್ಲೂ ಅವರ ಮಾತೇ ಮಾತು. ಇಲ್ಲ ಎನ್ನಲಾಗಲಿಲ್ಲ. ನೃತ್ಯಕ್ಕೆಂದು ಗರಿಗರಿ ಇಸ್ತ್ರಿ ಮಾಡಿದ ಉಡುಪು, ತಲೆಗೆ ಮಲ್ಲಿಗೆ. ಕಾರು ಎರಡು ಬೀದಿ ದಾಟುವಷ್ಟರಲ್ಲಿ ಮಾತು ನಿಂತಿತು.

"ಹಿಲ್ಡಾ, ಬೇಜಾರ್ ಮಾಡ್ಕೋಬೇಡಿ. ಈ ಕಾರು ಎಲ್ಲಿಂದ ತಗೊಂಡ್ರಿ?" ಎಂದರು ಸೆನ್ಯೋರಾ ಎಲ್ವಿರಾ.

"ದಕ್ಷಿಣದ ಕಡೆಯ ಒಬ್ಬ ಯಜಮಾನರಿಂದ, ಸೆನ್ಯೋರಾ."

ಹಿಂದೆ ಕೂತಿದ್ದ ಕಾರ್ಲಾಳ ತಾಯಿ, "ನಾನ್ ಹೇಳ್ಲಿಲ್ವಾ? ಇದು ಚಿಂಬೋತೆ ವಾಸ್ನೆ. ಲಿಮಾಗೆ ಹೋಗೋವಾಗ ಬಸ್ನೋರೆಲ್ಲ ಕಿಟ್ಕಿ ಹಾಕ್ಕೊಳ್ತಾರಲ್ಲ, ಅದೇ" ಎಂದರು. ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಅಪ್ಪ. ಎಲ್ಲರಿಗೂ ಗೊತ್ತಿರುವ ಒಂದು ವಿಷಯಕ್ಕೆ ನಗುವ ನಗು. ನಾನೂ ನಕ್ಕೆ.

ಇಳಿಯುವಾಗ ಸೆನ್ಯೋರಾ ಎಲ್ವಿರಾ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಮಾರ್ಚ್ ಕೊನೆಗೆ ತಾಯಂದಿರೆಲ್ಲ ಅವರ ಮನೆಯಲ್ಲಿ ಸೇರುತ್ತಾರಂತೆ. ಅಷ್ಟರೊಳಗೆ ವಾಸನೆ ಹೋಗದಿದ್ದರೆ ದೊನ್ ರೊಲಾಂದೋ ಎಂಬವರ ಹೊಸ ವ್ಯಾನಿಗೆ ಮಕ್ಕಳನ್ನು ಹಾಕುತ್ತಾರಂತೆ. "ನೀವಂದ್ರೆ ನಮ್ಗೆಲ್ಲ ಇಷ್ಟಾನೇ. ಆದ್ರೆ ಮಕ್ಕಳ ಯೂನಿಫಾರ್ಮಿಗೆ ಹತ್ಕೊಂಡ್ರೆ ಏನ್ ಮಾಡೋದು ಹೇಳಿ."

ಸಮಯ ಕಡಿಮೆ. ನಿಜವಾಗಿ ನೆನಪಿಸಿಕೊಳ್ಳಿ. ಆ ಕಾರಿನಲ್ಲಿ ಏನು ಸಾಗಿಸಿದಿರಿ?

ಹಿಲ್ಡಾ


ಚಿಂಬೋತೆ
ಫೆಬ್ರವರಿ 7, 1994

ಹಿಲ್ಡಾ,

ಮಕ್ಕಳಿಗೆ ಓದುವುದನ್ನು ಕಲಿಸಿ ತಲೆ ಹಣ್ಣಾದವನು ನಾನು. ಬರೆದದ್ದನ್ನು ಓದಲು ಬರುವವನಿಗೆ ಬರೆಯದೆ ಬಿಟ್ಟದ್ದನ್ನೂ ಓದಲು ಬರುತ್ತದೆ.

ದಕ್ಷಿಣದ ಕಡೆಯ ಒಬ್ಬ ಯಜಮಾನರು. ಪತ್ರ ಮಡಚಿಟ್ಟು ಅಂಗಳಕ್ಕೆ ಹೋದೆ, ಮತ್ತೆ ಬಂದು ಓದಿದೆ. ಅಲ್ಲೇ ಇದ್ದರು. ಮರ್ಯಾದೆಯ ಮಾತೇ, ಬಹುವಚನವೂ ಇದೆ. ಒಬ್ಬ ಮಗಳು ತನ್ನ ಅಪ್ಪನ ಬಗ್ಗೆ ಇಷ್ಟು ಗೌರವದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆ ಕಾರಿನಲ್ಲಿ ಏನು ಸಾಗಿಸಿದೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಬೆಳಿಗ್ಗೆ ಪಾಠ ಹೇಳಿ, ಸಂಜೆ ಅದರಲ್ಲಿ ಬಾಡಿಗೆ ಓಡಿಸಿ ನಿನ್ನ ಕಾಲೇಜು ಸಾಗಿಸಿದೆ. ಸಂಪು ಹೂಡಿದ ಮೇಷ್ಟ್ರುಗಳನ್ನು ಸಾಗಿಸಿದೆ. ನಿನ್ನ ಅಮ್ಮನನ್ನು ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಮತ್ತೆ ಆಸ್ಪತ್ರೆಗೆ ಸಾಗಿಸಿದೆ. ಮೀನು ಸಾಗಿಸಿಲ್ಲ.

ನೀನು ಮೊದಲ ವರ್ಷ ಕಾಲೇಜಿಗೆ ಹೋದಾಗ ಒಂದೇ ತಿಂಗಳಲ್ಲಿ, ಇರುವ ರವಿಕೆಗಳನ್ನೆಲ್ಲ ಬಿಟ್ಟು ಹೊಸದು ಬೇಕು ಎಂದು ಬರೆದೆ. ಶೋಕಿ ಎಂದು ನಾನು ನಿನ್ನ ಅಮ್ಮನ ಹತ್ತಿರ ಕೂಗಾಡಿದೆ. ಅವಳು ತನ್ನ ಕಿವಿಯೋಲೆ ಬಿಚ್ಚಿಕೊಟ್ಟಳು. ಅವಳು ಕೂಲಿಯವಳ ಮಗಳು, ಓದಿದವಳಲ್ಲ. ಅವಳು ಆಗಲೇ ತಿಳಿದುಕೊಂಡದ್ದು ನನಗೆ ಈಗ ಈ ಪತ್ರದಿಂದ ತಿಳಿಯುತ್ತಿದೆಯೇ ಎಂದು ಯೋಚಿಸುತ್ತಿದ್ದೇನೆ.

ನೀನಿರುವ ಊರು ಚಂದ್ರಲೋಕವಲ್ಲ. ಬಸ್ಸು ಹತ್ತಿ ಒಂದು ನಿದ್ದೆ ತೆಗೆದರೆ ನಮ್ಮೂರು. ಆದರೂ ಅಮ್ಮನ ವರ್ಷದ ಪೂಜೆಯ ನಂತರ ನೀನು ಬಂದಿಲ್ಲ. ಕೆಲಸ, ತಿತೋ, ಮಂಡಿನೋವು, ಬಸ್ಸಿನ ಮುಷ್ಕರ. ಎಲ್ಲವನ್ನೂ ನಂಬಿದ್ದೇನೆ. ಇತಿಹಾಸವನ್ನೂ ಕಲಿಸಿದ ಮೇಷ್ಟ್ರಾಗಿ ಕಾರಣಗಳನ್ನು ಅಷ್ಟು ಸುಲಭವಾಗಿ ನಂಬಬಾರದಿತ್ತು.

ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ವಾಸನೆ ಕಾರಿನದೋ, ಯಜಮಾನರದೋ?

ಎಲಿಯೋದೊರೊ ಸೆರ್ನಾ


ತ್ರುಹಿಯೊ
ಫೆಬ್ರವರಿ 26, 1994

ಅಪ್ಪ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ.

ವಾಸನೆ ಸಿಕ್ಕಿತು.

ಬುಧವಾರ ಸೀಟು ಹೊಲಿಯುವ ಬಾಕಾನ ಅಂಗಡಿಗೆ ಹೋಗಿದ್ದೆ. ಹಿಂದಿನ ಸೀಟು ಕಳಚಿ ಬೀದಿಯಲ್ಲಿ ಮಗುಚಿ ಹಾಕಿ, ಬ್ಲೇಡಿನಲ್ಲಿ ಹೊಲಿಗೆ ಬಿಡಿಸತೊಡಗಿದ. ದಾರ ಗಟ್ಟಿಯಾಗಿತ್ತು. "ಯಾರಮ್ಮ ಇದನ್ನ ಹೊಲಿದಿದ್ದು? ಹಡಗು ಕಟ್ಟೋಕೆ ಹೊಲಿದಂಗಿದೆ" ಎಂದ. ಆ ಗಂಟು ನನಗೆ ಗೊತ್ತು. ಚಿಕ್ಕಂದಿನಲ್ಲಿ ನನ್ನ ಶಾಲೆಯ ಚೀಲಕ್ಕೂ ಅದೇ ಗಂಟು ಇತ್ತು.

ಒಳಪದರ ಎಳೆದ ಕೂಡಲೇ ಪಕ್ಕದ ಟೈರು ಅಂಗಡಿಯವನು ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಹಳೆಯ ಕಾಲದ ಗೋಣಿಚೀಲಗಳು, ಒಂದರ ಮೇಲೊಂದು ನಾಲ್ಕು ಪದರ. ಒಂದರ ಮೇಲೆ ಹಸಿರು ಮುದ್ರೆ ಇನ್ನೂ ಓದುವ ಹಾಗಿತ್ತು: ಮೀನುಹಿಟ್ಟು, ಪಶು ಆಹಾರ. ಕೆಳಗೆ ಆ ಕಾರ್ಖಾನೆಯ ಹೆಸರು. ನಾನು ಓದಲು ಕಲಿತದ್ದೇ ನಮ್ಮ ಮನೆಯ ಎದುರಿನ ಗೋಡೆಯ ಮೇಲಿದ್ದ ಆ ಹೆಸರನ್ನು ಕೂಡಿಸಿ ಕೂಡಿಸಿ.

ಬಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೆನ್ಯೋರಾ, ಈ ಸೀಟನ್ನ ಎಸೀಬೇಡಿ, ಕೋಳಿಗಳಿಗೆ ಹಾಕಿ! ಮೊಟ್ಟೆ ಮೇಲೆ ಮೊಟ್ಟೆ ಇಡ್ತಾವೆ!" ಬೀದಿಯವರೆಲ್ಲ ಬಂದು ನೋಡಿದರು. "ಯಾವನ್ ಮಾರಿದ್ದು ಇದನ್ನ ನಿಮ್ಗೆ?" ಎಂದ ಒಬ್ಬ. ನಾನು ಗೋಣಿಗಳನ್ನು ಮಡಚತೊಡಗಿದೆ.

ಅಪ್ಪ, ಲೋಕದಲ್ಲಿ ಬೇರೆ ಬಟ್ಟೆಯೇ ಇರಲಿಲ್ಲವೇ? ಹೊಸ ಗೋಣಿ ಸಿಗುತ್ತಿರಲಿಲ್ಲವೇ? ಆ ಹೊಗೆಯ ವಿರುದ್ಧ ನಾನು ಹುಟ್ಟುವ ಮುಂಚಿನಿಂದ ಹೋರಾಡಿದವರು ನೀವು. ಅದೇ ಕಾರ್ಖಾನೆಯ ಚೀಲ ತಂದು ಸೀಟಿನೊಳಗಿಟ್ಟು ಹೊಲಿದಿರಲ್ಲ, ಹೊಲಿಯುವಾಗ ಗೊತ್ತಾಗಲಿಲ್ಲವೇ?

ಸಭೆಗೆ ಇನ್ನು ಒಂದು ತಿಂಗಳಿದೆ.

ಹಿಲ್ಡಾ


ಚಿಂಬೋತೆ
ಮಾರ್ಚ್ 14, 1994

ಮಗಳೇ,

ಗೊತ್ತಾಗಲಿಲ್ಲ.

ನಿನ್ನ ಪತ್ರ ಓದಿ ಮೊದಲು ನಿನ್ನ ಮೇಲೆ ಸಿಟ್ಟಾಗಿ ಒಂದು ಉತ್ತರ ಬರೆದೆ. ನಮ್ಮ ಊರಿನಲ್ಲಿ ಆ ಗೋಣಿಯಿಲ್ಲದ ಮನೆ ತೋರಿಸು ಎಂದು ಬರೆದೆ. ಭೂಕಂಪದ ನಂತರ ಅದನ್ನೇ ಗೋಡೆ ಮಾಡಿ ಅದರೊಳಗೆ ಮಲಗಿದೆವು. ಬಾಗಿಲ ಪರದೆ ಅದು, ಹಾಸಿಗೆಯ ಒಳಪದರ ಅದು. ರಾಷ್ಟ್ರೀಯ ದಿನದಂದು ನನ್ನ ಶಾಲೆಯ ಇಂಕಾ ದೊರೆ ಧರಿಸುತ್ತಿದ್ದದ್ದು ಅದಕ್ಕೆ ಬಣ್ಣ ಬಳಿದು ಮಾಡಿದ ಮೇಲಂಗಿ. ಸಮುದ್ರದಲ್ಲಿ ಮೂರು ಸಲ ಜಾಲಿಸಿ ಬಿಸಿಲಿಗೆ ಹಾಕಿದರೆ ಚೊಕ್ಕಟ. ಇದು ಇಲ್ಲಿನ ಯಾವ ಹೆಂಗಸನ್ನು ಕೇಳಿದರೂ ಹೇಳುವ ಮಾತು. ನಾನು ಕೊಂಡದ್ದೂ ಮಾರುಕಟ್ಟೆಯ ಹಿಂದೆ, ತೊಳೆದು ಮಾರುವವಳ ಹತ್ತಿರ. ಗಟ್ಟಿಯಾದದ್ದೇ ಬೇಕೆಂದು ಹಳೆಯದನ್ನು ಹುಡುಕಿ ಆರಿಸಿದೆ. ಮುಖಕ್ಕೆ ಹಿಡಿದು ಮೂಸಿಯೂ ನೋಡಿದೆ.

ಈ ಕೊನೆಯ ವಾಕ್ಯ ಬರೆದ ಮೇಲೆ ಪೆನ್ನು ನಿಂತಿತು. ಮುಖಕ್ಕೆ ಹಿಡಿದು ಮೂಸಿ ನೋಡಿದೆ. ಏನೂ ಇರಲಿಲ್ಲ. ಆ ಉತ್ತರವನ್ನು ಹರಿದೆ.

ಮರುದಿನ ಬೆಟ್ಟದ ಮೇಲಿನ ಕರಾಸಿಗೆ ಬಸ್ಸು ಹತ್ತಿದೆ. ನಿನ್ನ ಸೋದರತ್ತೆ ದೊರಿಲಾಳ ಮನೆಯಲ್ಲಿ ಒಂದು ವಾರ ಇದ್ದೆ. ಬಾಗಿಲಲ್ಲೇ ಅವಳು, "ಅಣ್ಣಾ, ಕೋಟು ಕೊಡು ಇಲ್ಲಿ, ಹೊರಗೆ ಹಾಕ್ತೀನಿ. ದಾರೀಲಿ ಧೂಳು ಹತ್ತಿರತ್ತೆ" ಎಂದಳು. ಹೋದಾಗಲೆಲ್ಲ ಹಾಗೇ ಹೇಳುತ್ತಾಳೆ. ಈ ಸಲ ದಾರಿಯುದ್ದಕ್ಕೂ ಮಳೆ ಹನಿಯುತ್ತಿತ್ತು.

"ದೊರಿಲಾ, ಧೂಳೆಲ್ಲಿ?" ಎಂದೆ.

ಅವಳು ಕೋಟು ಹಿಡಿದುಕೊಂಡು ನಿಂತಳು.

"ಮುಂಚೆನೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿ ಏನ್ ಮಾಡ್ಲಿ ಅಣ್ಣ? ನಾಚ್ಕೊಂಡು ನೀನು ಬರೋದೇ ನಿಲ್ಲಿಸ್ಬಿಟ್ರೆ?"

ಬೆಟ್ಟದ ಗಾಳಿಯಲ್ಲಿ ಮೂಗು ತೊಳೆದಂತಾಯಿತು. ಮೊದಲೆರಡು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಒದ್ದೆ ಮಣ್ಣಿನ ವಾಸನೆ ಬಂತು, ಹಿತ್ತಲಿನಲ್ಲಿ ಯಾವುದೋ ಸೊಪ್ಪಿನದು, ದೊರಿಲಾ ಒಲೆಯಲ್ಲಿಟ್ಟ ರೊಟ್ಟಿಯದು. ಯಾವತ್ತು ಕಳೆದುಕೊಂಡೆನೋ ಗೊತ್ತಿಲ್ಲದ ವಸ್ತು ಸಿಕ್ಕಿದ ಹಾಗೆ ಆ ಹಿತ್ತಲಿನಲ್ಲಿ ಸುತ್ತಿದೆ.

ವಾಪಸು ಬರುವಾಗ ಬಸ್ಸು ಕಣಿವೆ ಇಳಿದು ಸಾಂತಾ ಊರನ್ನು ದಾಟಿತು. ಆಗ ಅದು ಬಂತು. ಹೇಗೆ ಬರೆಯಲಿ? ನಾನು ನನ್ನ ಅರ್ಜಿಗಳಲ್ಲಿ "ಅಸಹನೀಯ ದುರ್ಗಂಧ" ಎಂದು ಬರೆಯುತ್ತಿದ್ದೆ. ಅದು ಪುಸ್ತಕದ ಮಾತು. ಇದು ಬಾಯೊಳಗೆ ಕೈ ಹಾಕಿದಂತೆ ಬಂತು. ತಲೆ ಬಗ್ಗಿಸಿದೆ. ಪಕ್ಕದಲ್ಲಿ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪ.

"ಏನ್ ಮೇಷ್ಟ್ರೇ, ಹುಷಾರಿಲ್ವಾ?"

"ವಾಸನೆ."

"ಯಾವ್ ವಾಸ್ನೆ?"

ಮನೆಯ ಬಾಗಿಲು ತೆಗೆದೆ. ಒಳಗೂ ಅದೇ ಇತ್ತು. ದಿಂಬಿನಲ್ಲಿತ್ತು, ಬ್ರೆಡ್ಡಿನಲ್ಲಿತ್ತು. ಪುಸ್ತಕ ತೆರೆದರೆ ಹಾಳೆಯ ನಡುವಿನಿಂದ ಎದ್ದಿತು. ನಿನ್ನ ಅಮ್ಮನ ಶಾಲು ಪೆಟ್ಟಿಗೆಯಿಂದ ತೆಗೆದೆ. ಅವಳದ್ದೇನಾದರೂ ಉಳಿದಿರಬಹುದೆಂದುಕೊಂಡಿದ್ದೆ. ಮುಚ್ಚಿಟ್ಟೆ. ನಿನ್ನ ಮದುವೆಗೆ ಹಾಕಿಕೊಂಡಿದ್ದ ಕಪ್ಪು ಕೋಟು ಮೂಸಿದೆ. ಅವತ್ತು ಜೂನ್ ತಿಂಗಳ ಚಳಿಯಲ್ಲಿ ತಿತೋನ ತಾಯಿ ನಾನು ಕೂತಲ್ಲೆಲ್ಲ ಹಿಂದಿನ ಕಿಟಕಿ ತೆರೆಯುತ್ತಿದ್ದರು. ಬೀಗಿತ್ತಿಗೆ ಉಬ್ಬಸವಿರಬೇಕು ಎಂದು ನಿನ್ನ ಅಮ್ಮನಿಗೆ ಹೇಳಿದ್ದೆ. ಆ ಕೋಟಿನಲ್ಲೇ ನಾನು ಲಿಮಾದ ಕಚೇರಿಗಳಿಗೂ ಹೋಗಿದ್ದೇನೆ. ಸಾಹೇಬರು ದೂರದ ಕುರ್ಚಿ ತೋರಿಸಿದಾಗ ಅದನ್ನು ಅಧಿಕಾರಶಾಹಿಯ ದರ್ಪ ಎಂದು ಪತ್ರಿಕೆಗೆ ಬರೆದಿದ್ದೇನೆ.

ಇಷ್ಟು ವರ್ಷ ನಾನು ವಾಸನೆಯ ವಿರುದ್ಧ ಅರ್ಜಿ ಬರೆದದ್ದು ನೆನಪಿನಿಂದ. ಮೂಗು ಎಂದೋ ಕಾರ್ಖಾನೆಯವರ ಪಕ್ಷ ಸೇರಿತ್ತು.

ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತೆ. ಫಿದೆಲಿಯಾ ಮೀನಿನ ಬುಟ್ಟಿ ಹೊತ್ತು ಹೋಗುತ್ತ, "ಒಳಗ್ ಹೋಗಿ ಮೇಷ್ಟ್ರೇ, ಗಾಳಿ ತಣ್ಣಗಿದೆ" ಎಂದಳು. ಅವಳಿಗೆ ಏನೆಂದು ಹೇಳಲಿ? ಹೇಳಿದರೆ ಅವಳಿಗೂ ನಾಚಿಕೆ ತಗುಲಿಸಿದಂತೆ. ಈ ಊರು ಬಿಟ್ಟರೆ ಅವಳಿಗೆ ಹೋಗಲು ಬೇರೆ ಕಡೆಯೂ ಇಲ್ಲ.

ಒಂದೆರಡು ದಿನ ಊಟ ಸೇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ, ಚೆನ್ನಾಗಿತ್ತು. ಕಪ್ಪು ಕೆಳಗಿಟ್ಟು ಬಾಗಿಲಿಗೆ ಓಡಿದೆ. ಚಿಮಣಿಗಳು ಹೊಗೆ ಕಾರುತ್ತಿದ್ದವು. ಮೂಗು ತುಂಬ ಗಾಳಿ ಎಳೆದುಕೊಂಡೆ. ಏನೂ ಇಲ್ಲ. ಹೋಗಿಬಿಟ್ಟಿತ್ತು. ಮತ್ತೆ ಈ ಊರಿನ ಪ್ರಜೆಯಾದೆ.

ಆ ಗೋಣಿಗಳನ್ನು ಸುಟ್ಟುಬಿಡು. ಆ ತಾಯಂದಿರಿಗೆ ಏನು ಬೇಕಾದರೂ ಹೇಳು. ಹೋದ ಪತ್ರದಲ್ಲಿ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಉತ್ತರಿಸಲಿಲ್ಲ, ಒಳ್ಳೆಯದಾಯಿತು. ಜುಲೈ ರಜೆಗೆ ನಿನ್ನ ಮನೆಗೆ ಬರುತ್ತೇನೆ ಎಂದಿದ್ದೆನಲ್ಲ, ಅದೂ ಬೇಡ.

ಅಪ್ಪ


ತ್ರುಹಿಯೊ
ಏಪ್ರಿಲ್ 10, 1994

ಅಪ್ಪ,

ಸಭೆ ಮುಗಿಯಿತು. ಶಾಲೆ ಶುರುವಾಯಿತು. ಏಳೂ ಹುಡುಗಿಯರು ನನಗೇ ಉಳಿದರು.

ಇಷ್ಟು ಮಾತ್ರ ಬರೆದು ಪತ್ರ ಮುಗಿಸಬೇಕೆಂದಿದ್ದೆ. ಒಂದು ವಾರದಿಂದ ಹಾಗೇ ಅಂದುಕೊಳ್ಳುತ್ತಿದ್ದೇನೆ. ಉಳಿದದ್ದನ್ನು ನಾನು ಬರೆಯದಿದ್ದರೂ ನೀವು ಓದಿಬಿಡುತ್ತೀರಿ, ಆದ್ದರಿಂದ ಬರೆಯುತ್ತೇನೆ.

ಬಾಕಾ ಹೊಸ ಗೋಣಿ ಹಾಕಿ ಸೀಟು ಕೂಡಿಸಿದ. ಮತ್ತೆ ತೊಳೆದು ಬಿಸಿಲಿಗಿಟ್ಟೆ. ಹೋಯಿತು. ಸಭೆಯ ದಿನ ಸೆನ್ಯೋರಾ ಎಲ್ವಿರಾ ಬೀದಿಗೆ ಬಂದು ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ಸೀಟಿಗೆ ಮೂಗು ತಾಗಿಸಿ ನೋಡಿದರು. ಇಳಿದು ನನ್ನನ್ನು ಅಪ್ಪಿಕೊಂಡರು. ಒಳಗೆ ಕರೆದು ಕೇಕು ಕೊಟ್ಟರು. ಏನಾಗಿತ್ತು ಎಂದು ಎಲ್ಲರೂ ಕೇಳಿದರು. ಸೀಟಿನೊಳಗಿದ್ದ ಚೀಲದ ಕತೆ ಹೇಳಿದೆ. ಚೀಲದ ಕತೆ ಮಾತ್ರ.

"ಅಯ್ಯೋ, ಎಂಥ ಮೋಸ!" ಎಂದರು ಸೆನ್ಯೋರಾ ಎಲ್ವಿರಾ. "ಮಕ್ಕಳು ಕೂರೋ ಸೀಟಿಗೆ ಕೋಳಿ ಮೇವಿನ ಚೀಲ! ಹಿಲ್ಡಾ, ಆ ಮನುಷ್ಯನ ಹೆಸರು, ವಿಳಾಸ ಕೊಡಿ. ನಮ್ಮೆಜಮಾನ್ರು ವಕೀಲರು, ಒಂದು ನೋಟಿಸ್ ಬಿಡ್ತಾರೆ. ನಿಮ್ಗೇನೂ ಖರ್ಚಿಲ್ಲ."

"ಬೇಡ ಸೆನ್ಯೋರಾ, ಆಗಿದ್ದಾಯ್ತು."

"ಬೇಡ ಅಂದ್ರೆ? ನಿಮ್ಮಂಥ ಒಳ್ಳೇವ್ರು ಸುಮ್ನಿರೋದ್ರಿಂದಾನೇ ಇಂಥೋರು ಬೆಳೆಯೋದು. ಅವ್ನಿಗೆ ನಾಚ್ಕೆ ಆಗ್ಬೇಕು. ಹೇಳಿ, ಬರ್ಕೋತೀನಿ." ಪೆನ್ನು ತೆಗೆದರು. ನನ್ನ ಮೇಲಿನ ಪ್ರೀತಿಯಿಂದಲೇ ತೆಗೆದರು, ಅಪ್ಪ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಿಮ್ಮ ಹೆಸರು ನನ್ನ ಬಾಯಿಗೆ ಬಂದಿತ್ತು. ಸೆರ್ನಾ ಎಂದರೆ ಸಾಕಿತ್ತು, ನನ್ನ ಮನೆತನದ ಹೆಸರೂ ಅದೇ.

"ಅವರು ತೀರಿಕೊಂಡರು, ಸೆನ್ಯೋರಾ" ಎಂದೆ.

"ಅಯ್ಯೋ ಪಾಪ" ಎಂದು ಪೆನ್ನು ಮುಚ್ಚಿದರು. "ಆತ್ಮಕ್ಕೆ ಶಾಂತಿ ಸಿಗ್ಲಿ." ಎಲ್ಲರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ನಾನೂ ಹಾಕಿಕೊಂಡೆ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಆ ಕೈಯಿಂದಲೇ ತಾನೇ ಶಿಲುಬೆಯ ಗುರುತು ಹಾಕಿಕೊಂಡದ್ದು.

ಹಿಲ್ಡಾ


ಚಿಂಬೋತೆ
ಏಪ್ರಿಲ್ 17, 1994

ಹಿಲ್ಡಾ, ಮಗಳೇ,

ನಿನ್ನ ಪತ್ರ ತಲುಪಿತು. ಓದಿ, ಇದ್ದೇನೋ ಇಲ್ಲವೋ ಎಂದು ಕನ್ನಡಿ ನೋಡಿಕೊಂಡೆ. ಗಡ್ಡ ಬೋಳಿಸುವುದಿತ್ತು, ಬೋಳಿಸಿದೆ.

ಪತ್ರವನ್ನು ಯಾರಿಗೂ ತೋರಿಸಿಲ್ಲ. ಫಿದೆಲಿಯಾ, "ಮಗ್ಳು ಏನ್ ಬರ್ದಿದಾಳೆ ಮೇಷ್ಟ್ರೇ?" ಎಂದು ಕೇಳಿದಳು. ಮಕ್ಕಳೆಲ್ಲ ಉಳಿದರಂತೆ ಎಂದೆ. "ನೋಡಿದ್ರಾ? ನಾನ್ ಹೇಳ್ಲಿಲ್ವಾ, ಆ ಕಾರಲ್ಲಿ ಎಂಥ ವಾಸ್ನೇನೂ ಇರ್ಲಿಲ್ಲ" ಎಂದಳು.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಎರಡು ದಿನ ಇತ್ತು. ಮೂರನೆಯ ದಿನ ಆ ನೋಟಿಸಿನ ಬಗ್ಗೆ ಯೋಚಿಸಿದೆ. ಈ ಹೊಗೆಯ ಕುರಿತು ನಾನು ಮೇಯರಿಗೆ ಬರೆದಿದ್ದೇನೆ, ಮಂತ್ರಿಗಳಿಗೆ ಬರೆದಿದ್ದೇನೆ, ಸೇನೆಯವರು ಆಳುತ್ತಿದ್ದಾಗ ಸೇನೆಯವರಿಗೆ ಬರೆದಿದ್ದೇನೆ. ಒಂದು ಕಚೇರಿಯಿಂದಲೂ ಒಂದು ಸಾಲು ಬಂದಿಲ್ಲ. ಕೊನೆಗೂ ಈ ವಾಸನೆಯ ವಿಷಯವಾಗಿ ಒಂದು ಕಾನೂನಿನ ಕಾಗದ ಬರುವುದಿತ್ತು, ಅದೂ ಆರೋಪಿಯೆಂದು ನನ್ನ ಹೆಸರಿಗೆ! ಇದಕ್ಕೆ ನಗದೆ ಇರುವುದು ಹೇಗೆ? ನಕ್ಕೆ. ಆಮೇಲೆ ನಗು ನಿಂತಿತು.

ಆ ಹೆಂಗಸು ಹೇಳಿದ್ದು ಸರಿ. ಅವನಿಗೆ ನಾಚಿಕೆಯಾಗಬೇಕು. ಆಗಿದೆ, ಅವಳಿಗೆ ತಿಳಿಸುವ ಅಗತ್ಯವಿಲ್ಲ. ಆದರೆ ಲೆಕ್ಕ ಎಲ್ಲೋ ತಪ್ಪಿದೆ, ಹಿಲ್ಡಾ. ಚಿಮಣಿಯ ಒಡೆಯರಿಗೆ ನಾಚಿಕೆಯಾಗಿದ್ದನ್ನು ನಾನು ಕಂಡಿಲ್ಲ. ಅರ್ಜಿಗಳನ್ನು ಕಪಾಟಿಗೆ ತುಂಬಿದವರಿಗೆ ಆಗಲಿಲ್ಲ. ಕಿಟಕಿ ಹಾಕಿಕೊಂಡು ಹಾದುಹೋಗುವವರಿಗೂ ಇಲ್ಲ. ಅಷ್ಟು ಜನರ ಪಾಲಿನದನ್ನೆಲ್ಲ ಒಬ್ಬ ನಿವೃತ್ತ ಮೇಷ್ಟ್ರು, ಶಾಲೆಗೆ ಮಕ್ಕಳನ್ನು ಬಿಡುವ ಅವನ ಮಗಳು, ನಾವಿಬ್ಬರೇ ಹೊತ್ತುಕೊಂಡು ಕೂತಿದ್ದೇವೆ. ಅದೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು. ಈ ವಿಷಯವಾಗಿ ಹೊಸ ಅರ್ಜಿಯೊಂದನ್ನು ಶುರುಮಾಡಿದ್ದೇನೆ. ದುರ್ಗಂಧ ಎಂಬ ಪದವನ್ನು ಹೊಡೆದುಹಾಕಿದ್ದೇನೆ. ಬಸ್ಸಿನಲ್ಲಿ ತಲೆ ಬಗ್ಗಿಸಿದ್ದು, ದೊರಿಲಾಳ ಕೈಯ ಕೋಟು, ಬೀಗಿತ್ತಿ ತೆರೆದ ಕಿಟಕಿ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ನಿನ್ನ ವಿಷಯ ಬರೆಯುವುದಿಲ್ಲ.

ತ್ರುಹಿಯೊದಲ್ಲಿ ನಾನು ಸತ್ತೇ ಇರಲಿ. ಏಳು ಮಕ್ಕಳು ಡಿಸೆಂಬರಿನವರೆಗೆ ಇರುವುದು ಮುಖ್ಯ. ಆದರೆ ಸತ್ತವರನ್ನು ನೋಡಲು ಎಲ್ಲರೂ ನವೆಂಬರ್ ಎರಡರಂದು ಗೋರಿಗೆ ಹೋಗುತ್ತಾರೆ. ನೀನು ಅಷ್ಟು ತಡಮಾಡಬೇಡ. ಯಾವುದಾದರೂ ಭಾನುವಾರ ಬಾ.

ಕಾರು ತರಬೇಡ. ಒಂದು ಮಧ್ಯಾಹ್ನ ಇಲ್ಲಿ ನಿಂತರೂ ಮತ್ತೆ ಹತ್ತಿಕೊಂಡೀತು, ಹೊಸ ಗೋಣಿ ಬೇಗ ಹೀರುತ್ತದೆ. ಬಸ್ಸಿನಲ್ಲಿ ಬಾ. ಹಳೆಯ ಬಟ್ಟೆ ಹಾಕಿಕೊಂಡು ಬಾ, ವಾಪಸು ಹೋದ ಕೂಡಲೇ ತೊಳೆದುಬಿಡು, ನನಗೇನೂ ಅನ್ನಿಸುವುದಿಲ್ಲ. ನಿಲ್ದಾಣದಲ್ಲಿ ಕಾದಿರುತ್ತೇನೆ. ಇಳಿದ ಕೂಡಲೇ ನನ್ನ ಹತ್ತಿರ ಬರಬೇಕೆಂದಿಲ್ಲ. ಸ್ವಲ್ಪ ಹೊತ್ತು ಮೂಗು ಮುಚ್ಚಿಕೊಂಡು ನಿಲ್ಲು, ಅಭ್ಯಾಸವಾಗಲಿ. ಅಲ್ಲಿಯವರೆಗೆ ನಾನು ಸಮುದ್ರದ ಕಡೆ ನೋಡುತ್ತಿರುತ್ತೇನೆ.

ನಿನ್ನ ಅಪ್ಪ
ಎಲಿಯೋದೊರೊ ಸೆರ್ನಾ